ಹಿಂದಿನ ಎಡಗಾಲು

ಹರಾಜು ಗುರುವಾರ. ಸೋಮವಾರವೇ ಸಾಮಾನು ನೋಡಲು ಹೋದೆ,
ಹಳೆಯ ಉಳಿಯೊಂದು ಸಿಕ್ಕೀತೇ ಎಂದು.
ಹುಲ್ಲು ಕೊಯ್ಯುವ ಯಂತ್ರ, ಕುರಿ ತೂಗುವ ತಕ್ಕಡಿ,
ಯಾರದೋ ಸತ್ತ ಅತ್ತೆಯ ಪಿಂಗಾಣಿ ನಾಯಿಗಳ ಜೋಡಿ,
ಅವುಗಳ ಮಧ್ಯೆ, ಬೆನ್ನಿಗೆ ಚೀಟಿ ಅಂಟಿಸಿಕೊಂಡು
ನನ್ನ ಓಕ್ ಕುರ್ಚಿ. ನಂಬರು ನೂರಾ ಹದಿನೇಳು.

ನನ್ನದು ಅಂದುಬಿಟ್ಟೆನಲ್ಲ.
ಕೆತ್ತಿದವನು ನಾನು. ಗೆದ್ದವಳು ಮೆಡ್ವೆನ್,
ಶಾಲೆಯ ಬಸ್ಸು ಓಡಿಸುವವಳು.
ವೇಲ್ಸಿನ ಈ ಕಣಿವೆಯಲ್ಲಿ ಒಳ್ಳೆಯ ಕವಿತೆಗೆ
ಕಪ್ಪಲ್ಲ, ಪದಕವಲ್ಲ, ಕುರ್ಚಿ ಕೊಡುತ್ತೇವೆ.
ಬರೆದು ದಣಿದಿದ್ದೀಯ, ಕೂತುಕೋ.

ಆ ಸಂಜೆ ಸಭೆಯಲ್ಲಿ ಗುಪ್ತನಾಮ ಕೂಗಿದರು: ಹೊಳೆಮೀನು.
ಯಾರೂ ಏಳಲಿಲ್ಲ. ಆಮೇಲೆ ಕಟ್ಟಕಡೆಯ ಸಾಲಿನಲ್ಲಿ
ಬಸ್ಸಿನ ಕೀಲಿಗೊಂಚಲು ಜೇಬಿನಲ್ಲಿ ಗಲಗಲಿಸುತ್ತ
ಅವಳು ಎದ್ದಳು.
ತಲೆಯ ಮೇಲೆ ಕತ್ತಿಯನ್ನು ಅರ್ಧ ಹಿರಿದು
ಮೂರು ಸಲ ಕೇಳಿದರು: ಶಾಂತಿ ಇದೆಯೇ?
ಮೂರು ಸಲವೂ ಊರೆಲ್ಲ ಒಂದೇ ಗಂಟಲಲ್ಲಿ: ಇದೆ.
ನಾನೂ ಕೂಗಿದೆ. ಕಣ್ಣು ಮಾತ್ರ ಕುರ್ಚಿಯ ಕಾಲಿನ ಮೇಲಿತ್ತು.

ಹಿಂದಿನ ಎಡಗಾಲು ಒಂದು ನೂಲು ಗಿಡ್ಡ.
ಗೊತ್ತಿತ್ತು. ಗಡುವು ಮುಗಿದಿತ್ತು, ವಾರ್ನಿಶು ಒಣಗಿತ್ತು.
ಹನ್ನೊಂದು ವರ್ಷ ಯಾರೂ ಒಂದು ಮಾತು ಆಡಲಿಲ್ಲ.

ಊರಿಗೆ ಬಾಯಿ ಬಂದದ್ದು ಈಗ.
"ಮಾನ ಮಾರಿಕೊಂಡಳು," ಅಂಚೆ ಕಚೇರಿಯ ಸಾಲಿನಲ್ಲಿ ಒಬ್ಬರು.
"ಕೊಟ್ಟವರ ಮುಖಕ್ಕೆ ಉಗಿದಂತೆ," ಇನ್ನೊಬ್ಬರು.
"ಬೇಡವಾಗಿದ್ದರೆ ಎರಡನೆಯವನಿಗೆ ಬಿಡಬಹುದಿತ್ತು."
ಇದು ಎರಡನೆಯವನು.

ನಾನು ತಲೆಯಾಡಿಸಿದೆ. ಆಡಿಸುತ್ತಿರುವಾಗಲೇ ನೆನಪಾಯಿತು:
ಅದನ್ನು ಮೊದಲು ಮಾರಿದವನು ನಾನೇ.
ಸಮಿತಿಯಿಂದ ಮುನ್ನೂರ ಎಂಬತ್ತು ಪೌಂಡು ಎಣಿಸಿ ತಗೊಂಡೆ;
ಮರದ ದುಡ್ಡು ಬೇರೆ ಕೊಡಿ ಎಂದೂ ಕೇಳಿದ್ದೆ.
ವ್ಯಾನಿಗೆ ಎರಡು ಟೈರು ಬಂದವು.
ಯಾರ ಮುಖವೂ ಒದ್ದೆಯಾಗಲಿಲ್ಲ.

ಕೇಳಿಯೇ ಬಿಡೋಣವೆಂದು ಅವಳ ಮನೆಗೆ ಹೋದೆ.
ಬಾಗಿಲು ಪೂರ್ತಿ ತೆರೆಯಲಿಲ್ಲ; ಒಳಗೆ ಜಾಗವಿರಲಿಲ್ಲ.
ಇನ್ನೂ ನಾಲ್ಕು ಕುರ್ಚಿ, ನಾಲ್ಕು ಊರಿನವು,
ಒಂದರ ಮೇಲೆ ಇಸ್ತ್ರಿ ಕಾಣದ ಬಟ್ಟೆ, ಒಂದರ ಮೇಲೆ ಬೆಕ್ಕು.
"ನನಗಿರುವುದು ಒಂದೇ ಕುಂಡೆ, ಇಡ್ವಾಲ್.
ಬಾಯ್ಲರು ಕೆಟ್ಟು ಎರಡು ತಿಂಗಳು.
ಬರೆಯಬೇಕಾದರೆ ಬೆರಳು ಬೆಚ್ಚಗಿರಬೇಕಲ್ಲ."
"ಸರಿ, ಆದರೂ ನನ್ನದನ್ನೇ ಯಾಕೆ?"
ಬಾಯಿ ಜಾರಿತು. ಹೊಟ್ಟೆಯಲ್ಲಿದ್ದದ್ದು ಅದೇ.
"ನಿನ್ನದು ಕುಂಟುತ್ತೆ."

ಡ್ರಾವರು ಎಳೆದು ಒಂದು ಮಡಚಿದ ಕಾಗದ ತೆಗೆದಳು,
ಭಾರ ಹೊತ್ತು ಹೊತ್ತು ಬಿಲ್ಲೆಯಂತಾಗಿತ್ತು.
"ಗೆದ್ದ ಕವಿತೆ. ಮೊದಲ ಕರಡು.
ಹನ್ನೊಂದು ವರ್ಷ ಆ ಕಾಲಿನ ಕೆಳಗಿತ್ತು.
ಇದನ್ನು ಮಾತ್ರ ಕೊಟ್ಟು ಕಳಿಸಲಿಲ್ಲ."
ಬಿಡಿಸಿ ತೋರಿಸಲಿಲ್ಲ. ನಾನೂ ಕೇಳಲಿಲ್ಲ.
ಚಹಾ ಕುಡಿದೆವು, ನಾನು ನಿಂತುಕೊಂಡೇ.

ಗುರುವಾರ ಕೂಗುವವನು ಸುತ್ತಿಗೆ ಎತ್ತಿ
ಮೂರು ಸಲ ಕೇಳಿದ.
ಶಾಂತಿ ಇತ್ತು. ಕೆಮ್ಮು ಕೂಡ ಇಲ್ಲ.
ನನ್ನ ಕೈ ತೊಡೆಯ ಮೇಲಿಂದ ಒಂದು ಗೇಣು ಎದ್ದು
ಮತ್ತೆ ಕೂತಿತು.

ಇನ್ನೂರ ಹತ್ತಕ್ಕೆ ಹೋಯಿತು,
ಸಮುದ್ರದ ಕಡೆಯ ಹಲ್ಲಿನ ಡಾಕ್ಟರೊಬ್ಬರಿಗೆ.
ಸರದಿಗೆ ಕಾಯುವವರು ಕೂರಲಿಕ್ಕಂತೆ.
ಆಕೆ ಅಲ್ಲೇ ಕೂತು ನೋಡಿದರು. ಟಕ್.
ಸರಿದು ಕೂತರು. ಟಕ್.
ಕೀಸುಳಿ ನನ್ನ ಚೀಲದಲ್ಲೇ ಇತ್ತು;
ಉಳಿದ ಮೂರು ಕಾಲನ್ನು ಒಂದೊಂದು ನೂಲು ತಗ್ಗಿಸಿದರಾಯಿತು,
ಕಾಸು ಬೇಡ, ಹತ್ತೇ ನಿಮಿಷ, ಎನ್ನಲು ಎದ್ದೆ.
ಅಷ್ಟರಲ್ಲಿ ಅವರು ಬಗ್ಗಿ,
ಹರಾಜಿನ ರಸೀದಿಯನ್ನು ನಾಲ್ಕು ಮಾಡಿದರು, ಎಂಟು ಮಾಡಿದರು,
ಕಾಲಿನ ಕೆಳಗೆ ತುರುಕಿದರು.

ಕೂತಿತು.
ನಾನು ಕೀಸುಳಿ ಹಿಡಿದು ನಿಂತೇ ಇದ್ದೆ.